ಹಳೆಯ ಮೇಜಿಗೆ ಎರಡನೆಯ ಬಾಳು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕೃಷಿ ವಿಜ್ಞಾನಿಯಾದವನು ಮಣ್ಣಿನ ಕುರಿತೋ ಅಡಿಕೆಯ ಕೊಳೆರೋಗದ ಕುರಿತೋ ಮಾತನಾಡುತ್ತಾನೆಂದು ನೀವು ನಿರೀಕ್ಷಿಸಿದ್ದೀರಿ. ಆದರೆ ಇಂದು ನಾನು ಆರಿಸಿಕೊಂಡಿರುವ ವಿಷಯ ಗುಜರಿಯಿಂದ ತಂದ ಎರಡು ಮೇಜುಗಳದು. ಅವು ಈಗ ನಮ್ಮ ಮನೆಯಲ್ಲಿ ಪುಸ್ತಕವನ್ನೂ ಬಿತ್ತನೆ ಬೀಜದ ಭರಣಿಗಳನ್ನೂ ಹೊತ್ತು ನಿಂತಿವೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸಮೀಪದ ಕಾಡಿನಲ್ಲಿ ಜನರು ಮರಗಳನ್ನು ಅಪ್ಪಿ ನಿಂತರು. ಆ ಅಪ್ಪಿಕೊ ಚಳವಳಿ ನಮಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಮೊದಲಿನ ಎರಡನ್ನು ನಾವು ಸಭೆಗಳಲ್ಲಿ ಬಹಳ ಸಲ ಹೇಳಿದ್ದೇವೆ. ಮೂರನೆಯದನ್ನು ಚಿಂತಿಸಿದ್ದು ಕಡಿಮೆ. ಈಗಾಗಲೇ ಕಡಿದಾಗಿರುವ ಮರವನ್ನು ಅದರ ಕಸುವು ತೀರುವವರೆಗೆ ದುಡಿಸಿಕೊಳ್ಳುವುದೂ ‘ಬಳಸು’ ಎಂಬ ಮಾತಿನ ಒಳಗೇ ಇದೆ.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಅಜ್ಜನ ಕಾಲದ ಮೇಜು ಕೊಟ್ಟಿಗೆಗೆ ಹೋಗುತ್ತದೆ, ಅಲ್ಲಿಂದ ಬಚ್ಚಲ ಒಲೆಗೆ. ಅದರ ಜಾಗಕ್ಕೆ ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಕಪಾಟು ಪೇಟೆಯಿಂದ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದರ ಅಂಚು ತೇವ ಕುಡಿದು ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಮೊದಲಿನಂತಾಗುವುದಿಲ್ಲ. ತಿರುಪುಮೊಳೆ ಹಿಡಿತ ಬಿಡುತ್ತದೆ. ಅದನ್ನು ಒಲೆಗೆ ಹಾಕುವುದೂ ಸಲ್ಲದು. ಅಂಟಿನ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು.

ಒಂದು ಸಣ್ಣ ಲೆಕ್ಕ. ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ, ಒಂದಂಗುಲ ದಪ್ಪದ ಸಾಗುವಾನಿಯ ಹಲಗೆ ಸುಮಾರು 15 ಕೆ.ಜಿ. ತೂಗುತ್ತದೆ. ಒಣಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಂಗಾಲ. ಅದನ್ನು ಸುಟ್ಟರೆ ಸುಮಾರು 25 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಒಂದು ಮೇಜಿನಿಂದ ಕಾಡು ಉಳಿದುಬಿಡುತ್ತದೆಂದು ನಾನು ಹೇಳಲಾರೆ. ಆದರೆ ಹತ್ತಾರು ವರ್ಷ ಬಿಸಿಲು ಮಳೆ ಉಂಡು ಬೆಳೆದ ಮರವೊಂದು ಒಂದೇ ಬೆಳಗಿನ ಸ್ನಾನದ ನೀರಿಗೆ ಮುಗಿದುಹೋಗುವುದು ಯಾವ ಲೆಕ್ಕದಲ್ಲಿಯೂ ನ್ಯಾಯವಲ್ಲ.

ಇನ್ನು ನನ್ನ ಸೋಲಿನ ಕಥೆ. ನನ್ನ ಪಿಎಚ್.ಡಿ. ಪ್ರಬಂಧದ ವಿಷಯ ಮಣ್ಣಿನ ತೇವಾಂಶ. ಆದರೂ ಮೊದಲ ಮೇಜಿನ ಹಲಗೆಗಳನ್ನು ಬೇಸಿಗೆಯಲ್ಲಿ ಬಿಗಿಯಾಗಿ ತಿರುಪು ಹಾಕಿ ಗೋಡೆಗೆ ಒತ್ತಿ ನಿಲ್ಲಿಸಿದೆ. ಆಷಾಢದಲ್ಲಿ ಹಿಂಬದಿಗೆ ಬೂಷ್ಟು ಹಿಡಿಯಿತು. ತಂದೆಯವರ ಕೈಬರಹದ ಕೃಷಿ ದಿನಚರಿಯ ಎರಡು ಪುಸ್ತಕಗಳು ಪುಟ ಬಿಡಿಸಲಾಗದಂತೆ ಅಂಟಿಕೊಂಡವು. ಮರುಬೇಸಿಗೆಗೆ ಹಲಗೆ ಸೀಳಿತು. ನಮ್ಮೂರಿನ ಆಚಾರಿಯವರು ಬಂದು ನೋಡಿ, “ಹಲಗೆ ಮಳೆಗಾಲದಲ್ಲಿ ಅಗಲ ಆಗ್ತದೆ ಅಂತ ನಿಮ್ಮ ಓದಿನಲ್ಲಿ ಬರಲಿಲ್ವಾ ಡಾಕ್ಟ್ರೇ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ದಿನಚರಿಗಳು ಮರಳಿ ಬರಲಿಲ್ಲ. ಅಂದು ಅವರಿಂದ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಪರೀಕ್ಷೆ. ಮೇಜನ್ನು ತಲೆಕೆಳಗು ಮಾಡಿ ನೋಡಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ಅದನ್ನು ಮನೆಯೊಳಗೆ ತರಬೇಡಿ. ಈ ಹುಳು ಹೆಚ್ಚಾಗಿ ಹೊರಸುತ್ತಿನ ಬಿಳಿಮರದ ಪಿಷ್ಟವನ್ನು ಅರಸಿ ಬರುತ್ತದೆ. ಆದ್ದರಿಂದ ಚೇಗಿನ ಮರವನ್ನೇ ಆರಿಸಿ. ಗಟ್ಟಿಯಾಗಿದ್ದು ಇನ್ನೂ ಬಳಕೆಯಲ್ಲಿರುವ ಮೇಜನ್ನು ಮಾತ್ರ ಕತ್ತರಿಸಬೇಡಿ. ಅದು ಮೇಜಾಗಿಯೇ ಇರಲಿ.

ಎರಡನೆಯದು ಬಣ್ಣ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿದ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದೆಂದೇ ಭಾವಿಸಬೇಕು. ಒಣಗಿದ ಬಣ್ಣವನ್ನು ಉಪ್ಪು ಕಾಗದದಿಂದ ಉಜ್ಜಬೇಡಿ. ಒದ್ದೆ ಮಾಡಿ, ಅಂಗಳದಲ್ಲಿ, ಮೂಗು ಬಾಯಿ ಮುಚ್ಚಿಕೊಂಡು ಹೆರೆಯಿರಿ. ಮಕ್ಕಳನ್ನು ದೂರವಿಡಿ. ಹೆರೆದ ಚೂರುಗಳನ್ನು ಒಲೆಗಾಗಲಿ ಗೊಬ್ಬರದ ಗುಂಡಿಗಾಗಲಿ ಹಾಕಬೇಡಿ.

ಮೂರನೆಯದು ಕಟ್ಟುವ ಬಗೆ. ಮೇಲಿನ ಹಲಗೆಯನ್ನು ಬಿಚ್ಚಿ ಉದ್ದಕ್ಕೆ ಎರಡು ಮಾಡಿದರೆ ಹದಿನೈದು ಅಂಗುಲ ಅಗಲದ ಎರಡು ಹಲಗೆ ಸಿಗುತ್ತವೆ. ಕಾಲುಗಳನ್ನು ಸೇರಿಸುವ ಉದ್ದಪಟ್ಟಿಗಳು ಹಾಗೆಯೇ ಇರಲಿ, ಅಡ್ಡಪಟ್ಟಿಗಳನ್ನಷ್ಟೇ ಗಿಡ್ಡ ಮಾಡಿ. ಆ ಜೋಡಣೆಯನ್ನು ಆಚಾರಿಯವರಿಂದಲೇ ಮಾಡಿಸಿ. ಒಂದು ಹಲಗೆ ನೆತ್ತಿಗೆ, ಇನ್ನೊಂದು ನಡುವಿಗೆ. ಇದರ ಮೇಲೆ ಎರಡನೆಯ ಮೇಜಿನ ಚೌಕಟ್ಟನ್ನು ನಿಲ್ಲಿಸಿ ಬಿಗಿದರೆ ಐದಡಿ ಎತ್ತರದ ನಾಲ್ಕು ಅಂತಸ್ತು. ಮಕ್ಕಳು ಹತ್ತಿ ಎಳೆಯದಿರುವುದಿಲ್ಲ. ಆದ್ದರಿಂದ ತುದಿಯನ್ನು ಗೋಡೆಗೆ ಕಟ್ಟಲೇಬೇಕು.

ಹಲಗೆಯ ಬಾಗನ್ನು ಲಘುವಾಗಿ ಎಣಿಸಬೇಡಿ. ಅಡಿಯೊಂದಕ್ಕೆ ಅಷ್ಟೇ ಭಾರವಿದ್ದು ಆಧಾರಗಳ ನಡುವಿನ ಅಂತರ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ಪುಸ್ತಕವಿಡುವ ಹಲಗೆಗೆ ಎರಡೂವರೆ ಅಡಿಯೊಳಗೆ ಒಂದು ಆಧಾರವಿರಲಿ.

ಮರವು ಎಳೆಯ ಉದ್ದಕ್ಕೆ ಬಹುತೇಕ ಬದಲಾಗದು. ಅಗಲಕ್ಕೆ ಮಾತ್ರ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಹೀಗಾಗಿ ಕೆಳಗಿನ ಪಟ್ಟಿಯಲ್ಲಿ ತಿರುಪಿನ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ತುಸು ಉದ್ದ ಮಾಡಿ. ಹಲಗೆಗೆ ಸರಿಯಲು ಎಡೆ ಸಿಗುತ್ತದೆ. ಗೋಡೆಗೂ ಕಪಾಟಿಗೂ ನಡುವೆ ಎರಡಂಗುಲ ಗಾಳಿ ಆಡಲಿ. ಮರದ ತೇವಾಂಶ ಶೇಕಡಾ 20ರ ಒಳಗಿದ್ದರೆ ಕೊಳೆಯುವ ಶಿಲೀಂಧ್ರಕ್ಕೆ ನೆಲೆ ಸಿಗದು. ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆ ಇಟ್ಟರೆ ನೆಲದ ತೇವ ಏರುವುದಿಲ್ಲ, ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತದೆ.

ಬಣ್ಣ ತೆಗೆದ ಬರಿಮರಕ್ಕೆ ಲೀಟರ್ ಬಿಸಿನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಮ್ಲ ಕರಗಿಸಿ ಎರಡು ಮೂರು ಸಲ ಬಳಿಯಬಹುದು. ಆಹಾರ ತಗಲುವ ಹಲಗೆಗೆ ಇದು ಬೇಡ. ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಒಣಹಾಕಿ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಿಮ್ಮ ಮನೆಯ ಕೊಟ್ಟಿಗೆಯನ್ನೂ ಅಟ್ಟವನ್ನೂ ಒಮ್ಮೆ ಹುಡುಕಿ. ಸಿಕ್ಕ ಮೇಜು ಯಾವ ಮರದ್ದೆಂದು ಹಿರಿಯರನ್ನು ಕೇಳಿ. ಊರಿನ ಆಚಾರಿಯವರ ಜೊತೆಗೆ ಎರಡು ದಿನ ಕುಳಿತು ಕೆಲಸ ಕಲಿಯಿರಿ. ಅವರಿಗೆ ಸಲ್ಲಬೇಕಾದ ಕೂಲಿಯನ್ನು ತಪ್ಪದೆ ಕೊಡಿ. ಮರವನ್ನು ಬಲ್ಲ ಕೈಗಳು ಊರಿನಲ್ಲಿ ಕಡಿಮೆಯಾಗುತ್ತಿವೆ. ಬೆಟ್ಟದ ಮರವನ್ನು ಉಳಿಸಲು ಹೊರಟ ನಾವು ಮನೆಯೊಳಗಿನ ಮರವನ್ನು ಒಲೆಗೆ ಕೊಡದಿರೋಣ.