ಬೀಟಲ್ಸ್ ಹಾಡುಗಳಿಗೆ ಅಂಕ ಹಾಕುವವರು



ಇಂಗ್ಲೆಂಡಿನ ಲಿವರ್‌ಪೂಲ್ ನಗರದ ನಾಲ್ವರು ಯುವಕರ ಬೀಟಲ್ಸ್ ತಂಡ ತನ್ನ ಮೊದಲ ಪ್ಲೇಟನ್ನು ಹೊರತಂದದ್ದು 1962ರ ಅಕ್ಟೋಬರಿನಲ್ಲಿ. ತಂಡ ಒಡೆದದ್ದು 1970ರಲ್ಲಿ. ಎಂಟು ವರ್ಷವೂ ತುಂಬದ ಆ ಅವಧಿಯಲ್ಲಿ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಸೇರಿ ಇನ್ನೂರಕ್ಕೂ ಹೆಚ್ಚು ಹಾಡುಗಳನ್ನು ಕೊಟ್ಟರು. ಅಂದಿನಿಂದ ಇಂದಿನವರೆಗೂ ಇವರ ಅಭಿಮಾನಿಗಳು ನಾಲ್ಕು ಜನ ಒಂದೆಡೆ ಸೇರಿದರೆ ಸಾಕು, ಹಾಡುಗಳಿಗೆ ಅಂಕ ಹಾಕತೊಡಗುತ್ತಾರೆ. ಹತ್ತಕ್ಕೆ ಎಷ್ಟು, ಮೊದಲ ಹತ್ತರಲ್ಲಿ ಯಾವುದು, ಕಟ್ಟಕಡೆಗೆ ಯಾವುದು ಎಂದು ಪಟ್ಟಿ ತಯಾರಾಗುತ್ತದೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಮತ್ತೆ ಮೊದಲಿನಿಂದ ಶುರು.

ಹಾಡೇನು ಪರೀಕ್ಷೆಗೆ ಕುಳಿತ ಹುಡುಗನೇ, ಅಂಕ ಹಾಕುವುದಕ್ಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಈ ತಂಡದ ಮಟ್ಟಿಗೆ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಇವರ ಹಾಡುಗಳಿಗೆ ಅಂಕ ಹಾಕಲು ಮೊದಲು ತೊಡಗಿದವರು ಅಭಿಮಾನಿಗಳಲ್ಲ. ತಂಡದೊಳಗೇ ಆ ಕೆಲಸ ನಡೆಯುತ್ತಿತ್ತು. ಅಲ್ಲಿ ಅಂಕ ಕಡಿಮೆ ಬಿದ್ದ ಹಾಡು ಕೇಳುಗರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ದೂರದರ್ಶನದಲ್ಲಾದರೆ ಹಾಡಿನ ಒಂದು ತುಣುಕನ್ನು ಕೇಳಿಸಿ ಮುಂದುವರಿಯಬಹುದು. ಅಚ್ಚಿನಲ್ಲಿ ಆ ಅನುಕೂಲವಿಲ್ಲ. ಹಾಗಾಗಿ ಮುಖ್ಯವಾದ ಕೆಲವು ಹಾಡುಗಳ ಹೆಸರು ಬಂದಾಗ ಅವುಗಳಲ್ಲಿ ಏನನ್ನು ಗಮನಿಸಬೇಕೆಂದು ಹೇಳುತ್ತಾ ಹೋಗುತ್ತೇನೆ. ಬಿಡುವಾದಾಗ ನೀವೇ ಕೇಳಿ ನೋಡಿ.

ಅಂಕ ಏಕೆ, ಮಾರಾಟದ ಲೆಕ್ಕವೇ ಇದೆಯಲ್ಲ ಎನ್ನುವವರಿದ್ದಾರೆ. ಲೆಕ್ಕ ಇದೆ, ನಿಜ. 1964ರ ಏಪ್ರಿಲ್ 4ರ ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದು ಸ್ಥಾನಗಳೂ ಇವರವೇ ಆಗಿದ್ದವು. ಆದರೆ ಪಟ್ಟಿ ಎಂದರೆ ಯಾರ ಪಟ್ಟಿ? 1963ರಲ್ಲಿ ಇವರ ‘ಪ್ಲೀಸ್ ಪ್ಲೀಸ್ ಮಿ’ ಹಾಡು ಬ್ರಿಟನ್ನಿನ ದೊಡ್ಡ ಸಂಗೀತ ವಾರಪತ್ರಿಕೆಗಳಾದ ಮೆಲೊಡಿ ಮೇಕರ್ ಮತ್ತು ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್‌ಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ರೆಕಾರ್ಡ್ ರೀಟೇಲರ್ ಎಂಬ ವರ್ತಕರ ಪತ್ರಿಕೆಯಲ್ಲಿ ಎರಡನೆಯದು. ಮುಂದಿನವರು ದಾಖಲೆಗೆ ಈ ವರ್ತಕರ ಪತ್ರಿಕೆಯನ್ನೇ ಹಿಡಿದರು. ಪರಿಣಾಮವಾಗಿ, ಮೊದಲ ಸ್ಥಾನಕ್ಕೇರಿದ 27 ಹಾಡುಗಳ ಸಂಕಲನ 2000ದಲ್ಲಿ ‘1’ ಎಂಬ ಹೆಸರಿನಲ್ಲಿ ಬಂದಾಗ ‘ಪ್ಲೀಸ್ ಪ್ಲೀಸ್ ಮಿ’ಗೆ ಜಾಗವಿಲ್ಲದೆ ಹೋಯಿತು.

ಇದಕ್ಕಿಂತ ವಿಚಿತ್ರವಾದದ್ದು 1967ರ ಫೆಬ್ರವರಿಯಲ್ಲಿ ಬಂದ ಪ್ಲೇಟಿನ ಕಥೆ. ಒಂದು ಬದಿಗೆ ಮೆಕಾರ್ಟ್ನಿಯವರ ‘ಪೆನ್ನಿ ಲೇನ್’, ಇನ್ನೊಂದು ಬದಿಗೆ ಲೆನನ್ನರ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’. ಇಂಥ ಪ್ಲೇಟು ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೇ ನಿಂತುಬಿಟ್ಟಿತು. ಅದನ್ನು ಮೇಲೇರಗೊಡದೆ ಕುಳಿತಿದ್ದದ್ದು ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ ‘ರಿಲೀಸ್ ಮಿ’. (ಈ ಗಾಯಕರು ಹುಟ್ಟಿದ್ದು ನಮ್ಮ ನೆರೆಯ ಮದ್ರಾಸಿನಲ್ಲಿ ಎಂಬುದು ಬೇರೆ ಮಾತು.) ‘ಪೆನ್ನಿ ಲೇನ್’ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದಿದ್ದರಿಂದ ‘1’ ಸಂಕಲನಕ್ಕೆ ಸೇರಿತು. ಬೆನ್ನಿಗಿದ್ದ ಹಾಡು ಹೊರಗುಳಿಯಿತು. ಅಭಿಮಾನಿಗಳನ್ನು ಕೇಳಿ, ಅವರಲ್ಲಿ ಬಹಳ ಮಂದಿ ಆ ಹೊರಗುಳಿದ ಹಾಡಿಗೇ ಹತ್ತಕ್ಕೆ ಹತ್ತು ಕೊಡುತ್ತಾರೆ. ನಾನೂ ಕೊಡುತ್ತೇನೆ. ಆ ಹಾಡು ಬೇರೆಬೇರೆ ಶ್ರುತಿ, ಬೇರೆಬೇರೆ ವೇಗದ ಎರಡು ಧ್ವನಿಮುದ್ರಣಗಳ ಬೆಸುಗೆ. ಲೆನನ್ನರಿಗೆ ಒಂದರ ಆರಂಭವೂ ಇನ್ನೊಂದರ ಮುಂದಿನ ಭಾಗವೂ ಬೇಕಾಗಿದ್ದವು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ತಂತ್ರಜ್ಞ ಜೆಫ್ ಎಮೆರಿಕ್ ಟೇಪಿನ ವೇಗವನ್ನು ಹೆಚ್ಚುಕಡಿಮೆ ಮಾಡಿ ಎರಡನ್ನೂ ಒಂದೇ ಶ್ರುತಿಗೆ ತಂದು ಅಂಟಿಸಿದರು. ಹಾಡು ಶುರುವಾಗಿ ಸುಮಾರು ಒಂದು ನಿಮಿಷವಾದಾಗ ಕಿವಿಗೊಟ್ಟು ಕೇಳಿ. ಸೆಲ್ಲೋಗಳು ಬಂದು ಹಾಡಿನ ಬಣ್ಣವೇ ಬದಲಾಗುತ್ತದೆ. ಬೆಸುಗೆ ಅಲ್ಲಿದೆ.

ಅಂಕ ಹಾಕುವವರ ಎರಡನೆಯ ತೊಡಕು, ಎಲ್ಲರೂ ಒಂದೇ ವಸ್ತುವಿಗೆ ಅಂಕ ಹಾಕುತ್ತಿಲ್ಲ ಎಂಬುದು. 1966ರ ‘ರಿವಾಲ್ವರ್’ ಎಲ್.ಪಿ.ಯನ್ನು ತೆಗೆದುಕೊಳ್ಳಿ. ಬ್ರಿಟನ್ನಿನ ‘ರಿವಾಲ್ವರ್’ನಲ್ಲಿ 14 ಹಾಡುಗಳು. ಅಮೆರಿಕದಲ್ಲಿ ಅದನ್ನು ಮಾರಿದ ಕಂಪನಿ ಮೂರು ಹಾಡುಗಳನ್ನು ಮೊದಲೇ ಎತ್ತಿ ಬೇರೊಂದು ಎಲ್.ಪಿ.ಗೆ ತುಂಬಿದ್ದರಿಂದ ಅಲ್ಲಿ ಬಂದದ್ದು 11 ಮಾತ್ರ. ಎತ್ತಿದ ಮೂರೂ ಲೆನನ್ನರವು. ಹಾಗಾಗಿ ಅಮೆರಿಕದ ಪ್ರತಿಯಲ್ಲಿ ಅವರು ಮುಂದಾಗಿ ಹಾಡಿದವು ಎರಡೇ ಉಳಿದವು. ಅಲ್ಲಿನ ಒಬ್ಬ ಕೇಳುಗ ‘ಇದು ಮೆಕಾರ್ಟ್ನಿಯವರ ಎಲ್.ಪಿ.’ ಎಂದರೆ ಅವನ ಕಿವಿಯಲ್ಲಿ ದೋಷವಿಲ್ಲ, ತಟ್ಟೆಯಲ್ಲಿದೆ. 1987ರಲ್ಲಿ ಸಿ.ಡಿ. ಬಂದಾಗ ಎಲ್ಲ ಕಡೆಗೂ ಬ್ರಿಟನ್ನಿನ ಕ್ರಮವನ್ನೇ ಕೊಟ್ಟರು. ಎರಡು ದಶಕ ಅಂಕ ಹಾಕಿದವರು ಪಟ್ಟಿಯನ್ನು ತಿದ್ದಬೇಕಾಯಿತು.

ಎತ್ತಿಹಾಕಿದ ಆ ಮೂರರಲ್ಲಿ ‘ಆ್ಯಂಡ್ ಯುವರ್ ಬರ್ಡ್ ಕ್ಯಾನ್ ಸಿಂಗ್’ ಎಂಬುದೊಂದು. ಲೆನನ್ನರೇ ಮುಂದೆ ಇದನ್ನು ಕೆಲಸಕ್ಕೆ ಬಾರದ್ದೆಂದು ತಳ್ಳಿಹಾಕಿದರು. ಅಭಿಮಾನಿಗಳು ಒಪ್ಪಿಲ್ಲ. ಎರಡು ಗಿಟಾರುಗಳು ಜೋಡಿಯಾಗಿ ಓಡುವ ಆ ನುಡಿಸಾಣಿಕೆಗಾಗಿಯೇ ಇದನ್ನು ಮೇಲಕ್ಕೆತ್ತುವವರಿದ್ದಾರೆ. ಬರೆದವರ ತೀರ್ಪೇ ಕೊನೆಯದು ಎನ್ನಲು ಆಗುವುದಿಲ್ಲ, ನೋಡಿ.

ವಿಮರ್ಶಕರ ತೀರ್ಪಾದರೂ ನಿಲ್ಲುತ್ತದೆಯೇ? ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲೂ 2012ರಲ್ಲೂ ಪ್ರಕಟಿಸಿದ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲಿ 1967ರ ‘ಸಾರ್ಜೆಂಟ್ ಪೆಪ್ಪರ್’ ಮೊದಲನೆಯದು. 2020ರಲ್ಲಿ ಹೊಸ ತೀರ್ಪುಗಾರರನ್ನು ಕೇಳಿದಾಗ ಅದು 24ಕ್ಕೆ ಇಳಿಯಿತು. ‘ಆ್ಯಬಿ ರೋಡ್’ 5ನೆಯದಾಗಿ ಅದಕ್ಕಿಂತ ಮೇಲೆ ಬಂತು, ‘ರಿವಾಲ್ವರ್’ 11ನೆಯದು. ತಟ್ಟೆಯಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

ಈಗ ತಂಡದೊಳಗಿನ ಮಾತಿಗೆ ಬರೋಣ. ಹಾಡು ಬರೆಯುವ ಇಬ್ಬರು ಹಿರಿಯರು ಲೆನನ್ ಮತ್ತು ಮೆಕಾರ್ಟ್ನಿ. ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯರು ಹ್ಯಾರಿಸನ್. ಒಂದು ಎಲ್.ಪಿ.ಗೆ ಅವರದು ಸಾಮಾನ್ಯವಾಗಿ ಒಂದೋ ಎರಡೋ ಹಾಡು. ‘ರಿವಾಲ್ವರ್’ನಲ್ಲಿ ಮೂರು ಸಿಕ್ಕವು, ‘ಸಾರ್ಜೆಂಟ್ ಪೆಪ್ಪರ್’ನಲ್ಲಿ ಮತ್ತೆ ಒಂದಕ್ಕೆ ಇಳಿಯಿತು. ಕೂಡುಕುಟುಂಬದಲ್ಲಿ ಕಿರಿಯ ಮಗನ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ. 1968ರಲ್ಲಿ ‘ನಾಟ್ ಗಿಲ್ಟಿ’ ಎಂಬ ಅವರ ಹಾಡನ್ನು ನೂರಕ್ಕೂ ಹೆಚ್ಚು ಸಲ ನುಡಿಸಿ ಮುದ್ರಿಸಿಕೊಂಡು, ಕೊನೆಗೆ ಕೈಬಿಟ್ಟರು. ಅದೇ ವರ್ಷ ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಹಾಡಿನ ಬಗ್ಗೆ ಉಳಿದವರು ಆಸಕ್ತಿ ತೋರಲಿಲ್ಲ. ಹ್ಯಾರಿಸನ್ ತಮ್ಮ ಗೆಳೆಯ ಎರಿಕ್ ಕ್ಲಾಪ್ಟನ್‌ರನ್ನು ಸ್ಟುಡಿಯೋಗೆ ಕರೆತಂದು ಗಿಟಾರ್ ನುಡಿಸಿಸಿದರು. ಹೊರಗಿನ ಅತಿಥಿಯೊಬ್ಬರು ಬಂದು ಕುಳಿತ ಮೇಲೆ ಮನೆಯವರೂ ನೆಟ್ಟಗೆ ಕುಳಿತರು. ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಎಂಬ ಹಾಡನ್ನು 1969ರ ಜನವರಿಯಲ್ಲಿ ತಂಡ ಅಭ್ಯಾಸ ಮಾಡಿ ಬಿಟ್ಟಿತು. ಮರುವರ್ಷ ತಂಡ ಒಡೆದ ಮೇಲೆ ಹ್ಯಾರಿಸನ್ ಹೀಗೆ ಉಳಿದುಹೋದ ಹಾಡುಗಳನ್ನೂ ಹೊಸದಾಗಿ ಬರೆದವನ್ನೂ ಸೇರಿಸಿ ಅದೇ ಹೆಸರಿನಲ್ಲಿ ತಂದದ್ದು ಮೂರು ತಟ್ಟೆಗಳ ಆಲ್ಬಮ್. ಒಂದು ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ!

ಅವರ ಹಾಡು ಒಂದು ಪ್ಲೇಟಿನ ಮುಖ್ಯ ಬದಿಗೆ ಬಂದದ್ದು ಒಂದೇ ಒಂದು ಸಲ, 1969ರ ಅಕ್ಟೋಬರಿನಲ್ಲಿ, ‘ಸಮ್‌ಥಿಂಗ್’. ಅದು ‘ಆ್ಯಬಿ ರೋಡ್’ನ ಹಾಡು. ಅದೇ ಎಲ್.ಪಿ.ಯ ಎರಡನೆಯ ಬದಿಯ ಮೊದಲಿಗೆ ಅವರ ಇನ್ನೊಂದು ಹಾಡಿದೆ, ‘ಹಿಯರ್ ಕಮ್ಸ್ ದ ಸನ್’. ಕಚೇರಿಯ ವ್ಯವಹಾರದ ಸಭೆಗಳಿಂದ ಬೇಸತ್ತ ಹ್ಯಾರಿಸನ್ ಒಂದು ದಿನ ಅತ್ತ ಹೋಗದೆ ಕ್ಲಾಪ್ಟನ್‌ರ ಮನೆಯ ತೋಟದಲ್ಲಿ ಗಿಟಾರ್ ಹಿಡಿದು ಅಡ್ಡಾಡುತ್ತಾ ಕಟ್ಟಿದ್ದು ಇದು. ಚಳಿಗಾಲ ಕಳೆದು ಬಿಸಿಲು ಬಂದ ಸಂತೋಷ ಇದರ ವಸ್ತು. ಲೆನನ್ ಇದರಲ್ಲಿ ಹಾಡಿಯೂ ಇಲ್ಲ, ನುಡಿಸಿಯೂ ಇಲ್ಲ.

ಇಲ್ಲಿ ಕನ್ನಡದ ಕೇಳುಗರಾದ ನಿಮಗೊಂದು ಅನುಕೂಲವಿದೆ. ಹ್ಯಾರಿಸನ್ 1966ರಲ್ಲಿ ಭಾರತಕ್ಕೆ ಬಂದು ಪಂಡಿತ್ ರವಿಶಂಕರರಲ್ಲಿ ಸಿತಾರ್ ಕಲಿತವರು. ನಮ್ಮ ಲಯದ ಲೆಕ್ಕ ಅವರ ಕಿವಿಗೆ ಬಿದ್ದಿತ್ತು. ಹಾಡು ನಾಲ್ಕರ ನಡೆಯಲ್ಲಿ ಸರಾಗವಾಗಿ ಹೋಗುತ್ತಿರುತ್ತದೆ. ನಡುವೆ ಸೂರ್ಯನ ಹೆಸರನ್ನೇ ಮತ್ತೆಮತ್ತೆ ಕರೆಯುವ ಭಾಗ ಬಂದಾಗ ತೊಡೆಯ ಮೇಲೆ ತಾಳ ಹಾಕಿ ನೋಡಿ. ಎಣಿಕೆ ಮೂರು ಮೂರರ ಗುಂಪುಗಳಾಗಿ ಒಡೆಯುತ್ತದೆ, ಅಲ್ಲಲ್ಲಿ ಒಂದು ಎಣಿಕೆ ಕಳೆದುಹೋದಂತೆ ಅನಿಸುತ್ತದೆ, ಮತ್ತೆ ಸಮಕ್ಕೆ ಬಂದು ನಿಲ್ಲುತ್ತದೆ. ಪಾಶ್ಚಾತ್ಯ ಪಾಪ್ ಹಾಡಿನಲ್ಲಿ ತಾಳಕ್ಕೆ ತಲೆಯಾಡಿಸುವವರು ಅಲ್ಲಿ ಎಡವುತ್ತಾರೆ. ಮೃದಂಗದ ಮುಕ್ತಾಯ ಕೇಳಿ ಬೆಳೆದವರಿಗೆ ಅದು ಪರಿಚಿತ ದಾರಿ.

ತಂಡ ಸಿಂಗಲ್ ಪ್ಲೇಟಾಗಿ ಹೊರತರದ ಈ ಹಾಡೇ ಇಂದು ಸ್ಪಾಟಿಫೈ ಸೇವೆಯಲ್ಲಿ ಬೀಟಲ್ಸ್ ಹಾಡುಗಳಲ್ಲೆಲ್ಲ ಅತಿ ಹೆಚ್ಚು ಕೇಳಲ್ಪಡುವ ಹಾಡು. 2023ರಲ್ಲಿ ಅದು ನೂರು ಕೋಟಿ ಸಲ ದಾಟಿತು. ಹಾಗೆಂದು ಅದೇ ಶ್ರೇಷ್ಠ ಎಂದು ನಾನು ವಾದಿಸುವುದಿಲ್ಲ. ಬೆಳಗ್ಗೆ ಕಾಫಿ ಕುಡಿಯುವಾಗ ಹಾಕಿಕೊಳ್ಳಲು ಹಿತವಾದ ಹಾಡು ಎಂಬುದೂ ಆ ಲೆಕ್ಕದಲ್ಲಿ ಸೇರಿದೆ. ‘ಎ ಡೇ ಇನ್ ದ ಲೈಫ್’ ಹಾಡನ್ನು ಯಾರೂ ಹಾಗೆ ಹಾಕಿಕೊಳ್ಳಲಾರರು. ನಲವತ್ತು ವಾದ್ಯಗಾರರು ಕೆಳಸ್ವರದಿಂದ ಮೇಲಕ್ಕೆ ತಮ್ಮತಮ್ಮ ದಾರಿಯಲ್ಲಿ ಏರುವ ಆ ಭೀಕರ ಸದ್ದು, ಕೊನೆಯಲ್ಲಿ ನಲವತ್ತು ಸೆಕೆಂಡಿಗೂ ಹೆಚ್ಚು ಕಾಲ ಆರುತ್ತಾ ಹೋಗುವ ಪಿಯಾನೋ, ಇದು ದಿನಕ್ಕೆ ಎರಡು ಸಲ ಕೇಳುವಂಥದ್ದಲ್ಲ. ರೋಲಿಂಗ್ ಸ್ಟೋನ್ 2010ರಲ್ಲಿ ಇದನ್ನೇ ಇವರ ಅತ್ಯುತ್ತಮ ಹಾಡೆಂದು ಆರಿಸಿತು. ಎಣಿಕೆಯೂ ತೀರ್ಪೂ ಬೇರೆಬೇರೆ. ಆದರೆ ಒಳಗಿನ ಅಂಕಪಟ್ಟಿಯಲ್ಲಿ ಕೆಳಗಿದ್ದವರ ಹಾಡನ್ನು ಹುಡುಕಿ ಕೇಳಿ ಮೇಲೆ ತಂದವರು ಕೇಳುಗರೇ ಎಂಬುದಕ್ಕೆ ಈ ಎಣಿಕೆ ಸಾಕ್ಷಿ.

ಅಭಿಮಾನಿಗಳಿಗೆ ಪ್ರಿಯವಾದ ಒಂದು ಆಟವಿದೆ. 1968ರ ನವೆಂಬರಿನಲ್ಲಿ ಬಂದ ಬಿಳಿ ಹೊದಿಕೆಯ ಜೋಡಿ ಎಲ್.ಪಿ.ಯಲ್ಲಿ 30 ಹಾಡುಗಳಿವೆ. ಅವುಗಳಲ್ಲಿ ಅನೇಕವನ್ನು ಬರೆದದ್ದು ಆ ವರ್ಷ ಋಷಿಕೇಶದ ಆಶ್ರಮದಲ್ಲಿ. ಅಷ್ಟು ಬೇಡ, ಒಳ್ಳೆಯವನ್ನು ಆರಿಸಿ ಒಂದೇ ತಟ್ಟೆ ಮಾಡೋಣ ಎಂದು ಜಾರ್ಜ್ ಮಾರ್ಟಿನ್ ಬಯಸಿದ್ದರು; ನಡೆಯಲಿಲ್ಲ. ಆ ಕೆಲಸವನ್ನು ಅಭಿಮಾನಿಗಳು ಇಂದಿಗೂ ಮಾಡುತ್ತಿದ್ದಾರೆ: ಹದಿನಾಲ್ಕು ಉಳಿಸು, ಹದಿನಾರು ಬಿಡು. ಎಂಟು ನಿಮಿಷ ದಾಟುವ, ಟೇಪಿನ ತುಣುಕುಗಳ ಗದ್ದಲವಾದ ‘ರೆವಲ್ಯೂಷನ್ 9’ ಮೊದಲ ಸುತ್ತಿಗೇ ಹೊರಗೆ. ನನ್ನ ಆಕ್ಷೇಪವೇನಿಲ್ಲ. ಆದರೆ ಹ್ಯಾರಿಸನ್ನರ ‘ಲಾಂಗ್, ಲಾಂಗ್, ಲಾಂಗ್’ ಹಾಡನ್ನು ಬಿಡುವವರೊಡನೆ ನಾನು ಜಗಳಕ್ಕೆ ಸಿದ್ಧ. ಕೇಳಿಸಿಯೂ ಕೇಳಿಸದಂತೆ ಹಾಡಿದ ಹಾಡು ಅದು. ಕೊನೆಯಲ್ಲಿ ಗಡಗಡ ಎಂಬ ಸದ್ದು ಬರುತ್ತದೆ. ಮೆಕಾರ್ಟ್ನಿ ಆರ್ಗನ್ನಿನ ಕೆಳಸ್ವರವೊಂದನ್ನು ಒತ್ತಿದಾಗ ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟಿದ್ದ ವೈನ್ ಬಾಟಲಿ ನಡುಗಿದ ಸದ್ದು. ತೆಗೆದುಹಾಕದೆ ಅದನ್ನು ಹಾಗೇ ಉಳಿಸಿಕೊಂಡರು.

ಕೊನೆಯದಾಗಿ, ಯಾರ ಪಟ್ಟಿಗೂ ಸುಲಭವಾಗಿ ಸೇರದ ಒಂದು ಹಾಡು. ಲೆನನ್ 1980ರ ಡಿಸೆಂಬರಿನಲ್ಲಿ ಗುಂಡಿಗೆ ಬಲಿಯಾದರು. ಅವರು ಮನೆಯಲ್ಲಿ ಪಿಯಾನೋ ಮುಂದೆ ಕುಳಿತು ಕ್ಯಾಸೆಟ್ಟಿಗೆ ಹಾಡಿಕೊಂಡಿದ್ದ ಕೆಲವು ಕರಡುಗಳು ಉಳಿದಿದ್ದವು. ಅವುಗಳಲ್ಲಿ ಎರಡನ್ನು ಉಳಿದ ಮೂವರು ಪೂರ್ತಿಮಾಡಿ 1995 ಮತ್ತು 1996ರಲ್ಲಿ ಹೊರತಂದರು. ಮೂರನೆಯದಾದ ‘ನೌ ಆ್ಯಂಡ್ ದೆನ್’ ಅರ್ಧಕ್ಕೇ ನಿಂತಿತು. ಕ್ಯಾಸೆಟ್ಟಿನ ಗುಂಯ್‌ಗುಡುವ ಸದ್ದು ಒಂದು ಕಾರಣ. ಹ್ಯಾರಿಸನ್ನರಿಗೆ ಆ ಹಾಡು ಹಿಡಿಸಲಿಲ್ಲ ಎಂಬುದು ಇನ್ನೊಂದು ಎಂದು ಮೆಕಾರ್ಟ್ನಿ ಹೇಳಿದ್ದಾರೆ. ಜೀವಮಾನವಿಡೀ ಬೇರೆಯವರಿಂದ ಅಂಕ ಹಾಕಿಸಿಕೊಂಡವರು ಈ ಸಲ ತಾವೇ ಅಂಕ ಹಾಕಿದ್ದರು. 2001ರಲ್ಲಿ ಅವರೂ ತೀರಿಕೊಂಡರು. ಮುಂದೆ ಕಂಪ್ಯೂಟರಿನಿಂದ ಲೆನನ್ನರ ದನಿಯನ್ನು ಪಿಯಾನೋದಿಂದ ಬೇರ್ಪಡಿಸಲು ಸಾಧ್ಯವಾದಾಗ ಮೆಕಾರ್ಟ್ನಿ ಮತ್ತು ರಿಂಗೋ ಅದನ್ನು ಮುಗಿಸಿದರು. 1995ರಲ್ಲಿ ಹ್ಯಾರಿಸನ್ ನುಡಿಸಿದ್ದ ಗಿಟಾರನ್ನೂ ಸೇರಿಸಿದರು. 2023ರ ನವೆಂಬರಿನಲ್ಲಿ ಬಂದ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇವರಿಗೆ ಆ ಸ್ಥಾನ ಸಿಕ್ಕು 54 ವರ್ಷಗಳಾಗಿದ್ದವು.

ಇದನ್ನು ಬೀಟಲ್ಸ್ ಹಾಡೆಂದು ಎಣಿಸಬೇಕೇ, ತಮಗೆ ಬೇಡವಾಗಿದ್ದ ಹಾಡಿನಲ್ಲಿ ಹ್ಯಾರಿಸನ್ನರನ್ನು ಸೇರಿಸಿದ್ದು ಸರಿಯೇ ಎಂದು ಅಭಿಮಾನಿಗಳು ವಾದಿಸುತ್ತಲೇ ಇದ್ದಾರೆ. ನಾನು ಹತ್ತಕ್ಕೆ ಆರು ಕೊಟ್ಟಿದ್ದೇನೆ. ಐದು ಲೆನನ್ನರ ದನಿಗೆ, ಒಂದು ಆ ಗಿಟಾರಿಗೆ. ನೀವು ಕೇಳಿ, ನಿಮ್ಮ ಅಂಕ ಹಾಕಿ.