ಕೋಶಕೇಂದ್ರದ ಒಳಗೆ, ಹೊರಗೆ



ಜೀವಕೋಶದ ಚಿತ್ರ ಬರೆಯುವಾಗ ನಡುವೆ ಒಂದು ದುಂಡನ್ನು ಬರೆದು 'ಕೋಶಕೇಂದ್ರ' ಎಂದು ಹೆಸರು ಹಾಕುತ್ತೇವೆ. ಆ ದುಂಡಿನ ಗೆರೆಯೇ ಇಂದಿನ ವಿಷಯ. ಡಿಎನ್‌ಎ ಇರುವುದು ಅದರ ಒಳಗೆ. ಪ್ರೋಟೀನು ತಯಾರಾಗುವುದು ಹೊರಗೆ, ಕೋಶರಸದಲ್ಲಿ. ಆದ್ದರಿಂದ ಡಿಎನ್‌ಎಯ ಸಂದೇಶ ಹೊತ್ತ ಆರ್‌ಎನ್‌ಎ ಹೊರಗೆ ಬರಲೇಬೇಕು. ಡಿಎನ್‌ಎಗೆ ಸುರುಳಿ ಸುತ್ತಲು ಬೇಕಾದ ಹಿಸ್ಟೋನ್ ಪ್ರೋಟೀನುಗಳು ಹೊರಗೆ ಹುಟ್ಟಿ ಒಳಗೆ ಹೋಗಲೇಬೇಕು.

ದಾರಿಯೆಂದರೆ ಕೇಂದ್ರದ ಪೊರೆಯಲ್ಲಿರುವ ರಂಧ್ರಗಳು. ಇವು ಬರಿಯ ತೂತುಗಳಲ್ಲ. ಸುಮಾರು 30 ಬಗೆಯ ಪ್ರೋಟೀನುಗಳು ಸೇರಿ ಒಂದೊಂದು ರಂಧ್ರವನ್ನು ಕಟ್ಟಿವೆ. ಕಿರುತೆರೆಯ ಮೇಲೆ ಇದನ್ನು ತೆರೆದು ಮುಚ್ಚುವ ಕದದಂತೆ ತೋರಿಸಿದರೆ ನೋಡಲು ಸೊಗಸು, ಆದರೆ ನಿಜವಲ್ಲ. ಅಲ್ಲಿ ಕದವಿಲ್ಲ, ಸಡಿಲವಾದ ಪ್ರೋಟೀನು ಎಳೆಗಳು ಒತ್ತಾಗಿ ತುಂಬಿವೆ. ಚಿಕ್ಕ ಅಣುಗಳು ನುಸುಳುತ್ತವೆ. ಸುಮಾರು 40,000 ಡಾಲ್ಟನ್ ಮೀರಿದವುಗಳಿಗೆ ಜೊತೆಗಾರರು ಬೇಕು.

ಯಾರನ್ನು ಒಳಗೆ ಬಿಡಬೇಕೆಂದು ತಿಳಿಯುವುದು ಹೇಗೆ? 1982ರಲ್ಲಿ ಕೇಂಬ್ರಿಜ್‌ನಲ್ಲಿ ಲಾಸ್ಕಿ ಮತ್ತು ಸಂಗಡಿಗರು ಕಪ್ಪೆಯ ಅಂಡಕೋಶದಲ್ಲಿ ಸೊಗಸಾದ ಪ್ರಯೋಗ ಮಾಡಿದರು. ನ್ಯೂಕ್ಲಿಯೋಪ್ಲಾಸ್ಮಿನ್ ಎಂಬ ಪ್ರೋಟೀನಿಗೆ ಐದು ಬಾಲಗಳು. ಎಲ್ಲವನ್ನೂ ಕತ್ತರಿಸಿದಾಗ ಪ್ರೋಟೀನು ಮೊದಲಿಗಿಂತ ಚಿಕ್ಕದಾಯಿತು, ಆದರೂ ಒಳಗೆ ಹೋಗಲಿಲ್ಲ. ಒಂದು ಬಾಲ ಉಳಿಸಿದರೆ ಸಾಕು, ಹೋಯಿತು! ವಿಳಾಸ ಬಾಲದಲ್ಲಿತ್ತು. 1984ರಲ್ಲಿ ಎಸ್‌ವಿ40 ಎಂಬ ಕೋತಿಯ ವೈರಸ್ಸಿನ ಪ್ರೋಟೀನಿನಲ್ಲಿ ಇಂಥ ವಿಳಾಸ ಕೆಲವೇ ಅಮೈನೋ ಆಮ್ಲಗಳಷ್ಟು ಪುಟ್ಟದೆಂದು ತಿಳಿಯಿತು. ಅದರಲ್ಲಿ ಒಂದೇ ಒಂದು ಲೈಸಿನ್ ಬದಲಾದರೂ ಪ್ರೋಟೀನು ಹೊರಗೇ ಉಳಿಯುತ್ತಿತ್ತು.

ಈ ವಿಳಾಸವನ್ನು ಗುರುತಿಸಿ ಸರಕನ್ನು ಹೊರುವ ಪ್ರೋಟೀನು ಇಂಪೋರ್ಟಿನ್. ಆದರೆ ಹಮಾಲಿಗೆ ತಾನು ಒಳಗೆ ಬಂದೆನೆಂದು ತಿಳಿಯಬೇಕಲ್ಲ! ಅದನ್ನು ತಿಳಿಸುವುದು ರಾನ್ ಎಂಬ ಪುಟ್ಟ ಪ್ರೋಟೀನು. ಕೇಂದ್ರದ ಒಳಗೆ ರಾನ್ ಹೆಚ್ಚಾಗಿ ಜಿಟಿಪಿ ಅಣುವನ್ನು ಹಿಡಿದಿರುತ್ತದೆ, ಹೊರಗೆ ಜಿಡಿಪಿಯನ್ನು. ಜಿಟಿಪಿ ಹಿಡಿದ ರಾನ್ ತಗುಲಿದೊಡನೆ ಇಂಪೋರ್ಟಿನ್ ಹೊರೆ ಇಳಿಸುತ್ತದೆ. ಹೊರಸಾಗಿಸುವ ಎಕ್ಸ್‌ಪೋರ್ಟಿನ್‌ಗಳದು ಇದಕ್ಕೆ ತಿರುಗುಮುರುಗು: ಅವು ಇದೇ ರಾನ್ ಜೊತೆಗೂಡಿ ಹೊರೆ ಹಿಡಿಯುತ್ತವೆ, ಹೊರಗೆ ಜಿಟಿಪಿ ಒಡೆದಾಗ ಬಿಡುತ್ತವೆ. ರಂಧ್ರ ಯಾರನ್ನೂ ನೂಕುವುದಿಲ್ಲ. ದಿಕ್ಕು ತೋರುವುದು ರಾನ್, ಖರ್ಚೂ ಅಲ್ಲಿಯೇ.

ಸಂದೇಶವಾಹಕ ಆರ್‌ಎನ್‌ಎಯ ವ್ಯವಸ್ಥೆ ಬೇರೆ. ಬೇಡದ ಭಾಗಗಳನ್ನು ಕತ್ತರಿಸಿ ಜೋಡಿಸಿದ ಮೇಲೆಯೇ ಸಾಮಾನ್ಯವಾಗಿ ಅದಕ್ಕೆ ಹೊರಗೆ ಬಿಡುಗಡೆ. ಕೈರೋನೋಮಸ್ ಎಂಬ ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡಿದ್ದಾರೆ. ಉಂಗುರದಂತೆ ಮಡಿಚಿಕೊಂಡಿದ್ದ ಆರ್‌ಎನ್‌ಎ ಕಣ ರಂಧ್ರದ ಬಾಯಲ್ಲಿ ಬಿಚ್ಚಿಕೊಂಡು, ಸೂಜಿಯ ಕಣ್ಣಿಗೆ ನೂಲು ಪೋಣಿಸಿದಂತೆ, ಒಂದು ತುದಿ ಮುಂದಾಗಿ ಸಾಗುತ್ತದೆ.

ಈ ಸಂಚಾರ ವೈದ್ಯರಿಗೂ ಮುಖ್ಯ. ಪಿ53ನಂತಹ ಪ್ರೋಟೀನುಗಳು ಕೇಂದ್ರದೊಳಗಿದ್ದು ಕ್ಯಾನ್ಸರನ್ನು ತಡೆಯುತ್ತವೆ. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಎಕ್ಸ್‌ಪೋರ್ಟಿನ್–1 ಅಳತೆ ಮೀರಿ ಹೆಚ್ಚಿ, ಈ ಕಾವಲುಗಾರರನ್ನೇ ಹೊರಗೆ ಸಾಗಿಸಿಬಿಡುತ್ತದೆ. ಅದನ್ನು ತಡೆಯುವ ಸೆಲಿನೆಕ್ಸರ್ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ, ಮಲ್ಟಿಪಲ್ ಮೈಲೋಮಾ ಎಂಬ ರಕ್ತಸಂಬಂಧಿ ಕ್ಯಾನ್ಸರಿಗೆ, ಒಪ್ಪಿಗೆ ದೊರೆಯಿತು. ಆದರೆ ಆರೋಗ್ಯವಂತ ಕೋಶಗಳಿಗೂ ಈ ಸಾಗಣೆದಾರ ಬೇಕು. ಓಕರಿಕೆ, ಆಯಾಸ, ರಕ್ತದ ಪ್ಲೇಟ್‌ಲೆಟ್‌ಗಳ ಇಳಿಕೆ ಕಾಣಿಸಿಕೊಳ್ಳುವುದರಿಂದ ವೈದ್ಯರು ಪ್ರಮಾಣವನ್ನು ಆಗಾಗ ತಗ್ಗಿಸಬೇಕಾಗುತ್ತದೆ.