ಎಲ್ಲರ ಅಂಗಳ, ಯಾರ ಸರದಿ?



ಇಂದು ನಾನು ನಿಮ್ಮೊಡನೆ ಮಾತನಾಡಲು ಆರಿಸಿಕೊಂಡಿರುವ ವಿಷಯ ಒಂದು ಅಂಗಳ. ಬೆಂಗಳೂರಿನಲ್ಲಿ ನಾವು ವಾಸವಾಗಿರುವ ವಸತಿ ಸಮುಚ್ಚಯದ ಕಟ್ಟಡಗಳ ನಡುವೆ ಸುಮಾರು 800 ಚದರ ಮೀಟರಿನಷ್ಟು ಬಯಲಿದೆ. ಎರಡು ಹೊಂಗೆ ಮರ, ಒಂದು ಕಲ್ಲುಬೆಂಚು, ಅಲ್ಲಲ್ಲಿ ಹುಲ್ಲು. ಮಕ್ಕಳು ಅಲ್ಲಿ ಆಡುತ್ತಾರೆ, ಹಿರಿಯರು ಸಂಜೆ ಹೊತ್ತು ಕೂರುತ್ತಾರೆ. ಆ ನೆಲ 48 ಮನೆಗಳಿಗೂ ಸೇರಿದ್ದು.

2019ರ ಬೇಸಿಗೆಯಲ್ಲಿ ನಿವಾಸಿಗಳ ಸಂಘದ ಸಭೆಯ ಮುಂದೆ ಒಂದು ಸಲಹೆ ಬಂತು. ಬಯಲಿಗೆಲ್ಲ ಸಿಮೆಂಟಿನ ಟೈಲು ಹಾಸಿಬಿಡೋಣ. ತರಗೆಲೆ ಗುಡಿಸುವ ಕಷ್ಟವಿಲ್ಲ, ಕೆಸರಿಲ್ಲ, ಕಾರು ನಿಲ್ಲಿಸಲೂ ಅನುಕೂಲ. ಕೈಗಳು ಮೇಲೆದ್ದವು. ಮಳೆನೀರಿನ ಬಗ್ಗೆ ಕಾರ್ಯಕ್ರಮ ನಿರ್ಮಿಸಿದ್ದ ನಾನೂ ಕೈ ಎತ್ತಿದೆ. ಕೆಸರಾಗುತ್ತಿದ್ದುದು ನನ್ನ ಕಾರೂ ಹೌದಲ್ಲ!

ಆಗ ಹಿಂದೆ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಈಗ ಮಣ್ಣು ಕುಡಿಯೋ ನೀರು ಆಮೇಲೆ ಎಲ್ಲಿಗೆ ಹೋಗುತ್ತೆ?"

ಸಭೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. 900 ಎಂದೇ ಇಟ್ಟುಕೊಂಡರೂ ನಮ್ಮ ಬಯಲಿಗೆ 7,20,000 ಲೀಟರ್ ಆಯಿತು. ಅದರಲ್ಲಿ ಹೆಚ್ಚಿನ ಪಾಲು ಆವಿಯಾಗುತ್ತದೆ, ಗಿಡಮರಗಳು ಹೀರುತ್ತವೆ, ಉಳಿದದ್ದು ಹರಿದುಹೋಗುತ್ತದೆ. ಹತ್ತರಲ್ಲೊಂದು ಪಾಲು ಮಾತ್ರ ನೆಲದಾಳಕ್ಕೆ ಇಳಿಯಿತೆಂದರೂ 72,000 ಲೀಟರ್. ಅಂದರೆ 6,000 ಲೀಟರಿನ 12 ಟ್ಯಾಂಕರ್. ಇಂಗುಗುಂಡಿ ತೋಡಿದರೆ ಆ ಪಾಲು ಇನ್ನೂ ಹೆಚ್ಚುತ್ತದೆ. ಟೈಲು ಹಾಸಿ ಸಂದು ಮುಚ್ಚಿದರೆ ಆ ನೀರು ಚರಂಡಿಗೆ. ಚರಂಡಿಯಿಂದ ತಗ್ಗಿನಲ್ಲಿರುವವರ ಮನೆ ಬಾಗಿಲಿಗೆ.

ಮುಂದಿನ ಸಭೆಯಲ್ಲಿ ಈ ಲೆಕ್ಕವನ್ನು ಓದಿದೆವು. ವಾಹನ ಓಡಾಡುವ ದಾರಿಗೆ ಮಾತ್ರ ಟೈಲು ಹಾಕುವುದು, ಮರದ ಸುತ್ತ ಮಣ್ಣು ಹಾಗೇ ಬಿಡುವುದು, ತರಗೆಲೆಯನ್ನು ಸುಡದೆ ಗುಂಡಿಯಲ್ಲಿ ಹಾಕಿ ಗೊಬ್ಬರ ಮಾಡುವುದು, ಎರಡು ಇಂಗುಗುಂಡಿ ತೋಡಿಸುವುದು ಎಂದು ಒಪ್ಪಿಗೆಯಾಯಿತು. ನಾವು ಗೆದ್ದೆವೆಂದು ಭಾವಿಸಿದೆವು.

ಆದರೆ ನಿಜವಾದ ಪಾಠ ಮುಂದಿತ್ತು. 2024ರ ಬೇಸಿಗೆಯನ್ನು ನೀವು ಮರೆತಿರಲಾರಿರಿ. ನಗರದಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಆ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಹಾಕುವುದನ್ನೂ ವಾಹನ ತೊಳೆಯಲು ಬಳಸುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ನಮ್ಮ ಕೊಳವೆಬಾವಿಯೂ ಸೊರಗಿತು. ಎರಡು ಗುಂಡಿಗಳು ಇಡೀ ನಗರದ ಬರವನ್ನು ನೀಗಲಾರವು, ನಿಜ. ಆದರೆ ಮುಚ್ಚಳ ತೆಗೆದು ನೋಡಿದಾಗ ನಾಚಿಕೆಯಾಯಿತು. ಎರಡೂ ಗುಂಡಿಗಳಲ್ಲಿ ಹೂಳು ತುಂಬಿತ್ತು. ಎರಡು ವರ್ಷಗಳಿಂದ ಯಾರೂ ಅದನ್ನು ತೆಗೆಸಿರಲಿಲ್ಲ. ಸಂಘ ಮಾಡಿಸುತ್ತದೆಂದು ಮನೆಗಳವರು, ಮಾಲಿ ಮಾಡುತ್ತಾನೆಂದು ಸಂಘದವರು, ಯಾರೂ ಹೇಳಲಿಲ್ಲವೆಂದು ಮಾಲಿ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ ಈ ರೋಗವನ್ನು ವಿವರಿಸಿದ. ಎಲ್ಲರಿಗೂ ತೆರೆದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ಹಸುವನ್ನು ಅಟ್ಟುತ್ತಾನೆ. ಲಾಭ ಒಬ್ಬನದು, ನಷ್ಟ ಎಲ್ಲರದು. ಕೊನೆಗೆ ಹುಲ್ಲೇ ಉಳಿಯುವುದಿಲ್ಲ. ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಈ ಮಾತನ್ನು ಹಾಗೇ ಒಪ್ಪಲಿಲ್ಲ. ಜನ ತಮ್ಮ ಸಾಮೂಹಿಕ ಆಸ್ತಿಯನ್ನು ಶತಮಾನಗಳ ಕಾಲ ಕಾಪಾಡಿಕೊಂಡ ಉದಾಹರಣೆಗಳನ್ನು ಆಕೆ ಕಲೆಹಾಕಿದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿಯಲ್ಲಿ 1517ರಿಂದಲೇ ಒಂದು ನಿಯಮವಿತ್ತು: ಚಳಿಗಾಲದಲ್ಲಿ ಮನೆಯಲ್ಲಿ ಮೇವು ಹಾಕಿ ಸಾಕಬಲ್ಲಷ್ಟೇ ಹಸುಗಳನ್ನು ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಬೇಕು. ಬಳಸುವವರೇ ಮಾಡಿಕೊಂಡ ನಿಯಮ, ಅವರೇ ಇಟ್ಟ ಕಾವಲು. 2009ರಲ್ಲಿ ಆಸ್ಟ್ರಮ್ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಮೊದಲ ಮಹಿಳೆಯಾದರು.

ಇದನ್ನು ತಿಳಿಯಲು ನಾವು ಸ್ವಿಟ್ಜರ್ಲೆಂಡಿಗೇ ಹೋಗಬೇಕಿಲ್ಲ. ನಮ್ಮ ಹಳ್ಳಿಗಳ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ತೆಗೆಯುವುದು, ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುವುದು ಅವನ ಹೊಣೆ. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯ ಕೊಡುತ್ತಿದ್ದರು. ಕೆರೆ ಎಲ್ಲರದು, ಆದರೆ ಹೊಣೆಗೆ ಒಬ್ಬನ ಹೆಸರಿತ್ತು. ನಮ್ಮ ಅಂಗಳಕ್ಕೆ ಇಲ್ಲದೆ ಹೋದದ್ದು ಆ ಹೆಸರು.

"ನಾವು ಬಯಲಿಗೆ ಇಳಿಯುವುದೇ ಇಲ್ಲ, ಹಣ ಯಾಕೆ ಕೊಡಬೇಕು?" ಎನ್ನುವವರೂ ಇದ್ದಾರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮದಲ್ಲಿ ಇದಕ್ಕೆ ಉತ್ತರವಿದೆ. ಅದರ ಪ್ರಕಾರ ಸಾಮಾನ್ಯ ಜಾಗದಲ್ಲಿ ಪ್ರತಿ ಮನೆಗೂ ಅವಿಭಜಿತ ಪಾಲಿದೆ. ಅದನ್ನು ತುಂಡು ಮಾಡಿ ಹಂಚಿಕೊಳ್ಳುವಂತಿಲ್ಲ, ಬಳಸುವುದಿಲ್ಲವೆಂದು ವೆಚ್ಚದಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಆದರೆ ಕಾನೂನು ಹಣವನ್ನು ಕೊಡಿಸಬಹುದು, ಗುಂಡಿಯ ಮುಚ್ಚಳ ತೆಗೆಸಲಾರದು.

ಈಗ ನಮ್ಮ ಅಂಚೆಪೆಟ್ಟಿಗೆಗಳ ಪಕ್ಕದಲ್ಲಿ ಒಂದು ಹಲಗೆಯಿದೆ. ತಿಂಗಳಿಗೆ ನಾಲ್ಕು ಮನೆಗಳಂತೆ ವರ್ಷದಲ್ಲಿ 48 ಮನೆಗಳಿಗೂ ಒಂದು ಸರದಿ. ಮೇ ತಿಂಗಳಿನವರು ಮಳೆಗೆ ಮುನ್ನ ಹೂಳು ತೆಗೆಸಬೇಕು. ಫೆಬ್ರವರಿಯವರಿಗೆ ಹೊಂಗೆ ಎಲೆಯ ರಾಶಿ. ಅಂಗಳ ಗುಡಿಸುವ ಅಮ್ಮನ ಸಂಬಳ ತಿಂಗಳ ಮೊದಲ ವಾರವೇ ತಲುಪಿತೇ ಎಂದು ನೋಡುವುದೂ ಸರದಿಯವರದೇ ಕೆಲಸ. ಕಳೆದ ಬಾರಿ ನನ್ನ ಸರದಿ ತಪ್ಪಿಹೋದಾಗ ಹಲಗೆಯ ಮೇಲೆ ನನ್ನ ಹೆಸರಿನ ಮುಂದೆ ಸೊನ್ನೆ ಹಾಕಿದವಳು ಅದೇ ಹುಡುಗಿ! ಈಗ ಅವಳು ಕಾಲೇಜಿನಲ್ಲಿದ್ದಾಳೆ.

ಮಿತ್ರರೇ, ನಿಮ್ಮ ಬಡಾವಣೆಯಲ್ಲಿ ಪಾರ್ಕು ಇರಬಹುದು, ಶಾಲೆಗೆ ಮೈದಾನವಿರಬಹುದು, ಊರಿಗೆ ಗುಂಡುತೋಪು ಇರಬಹುದು. ಒಂದು ಅಳತೆಯ ಟೇಪು ತೆಗೆದುಕೊಂಡು ಹೋಗಿ ಅಳೆಯಿರಿ. ಬೀಳುವ ಮಳೆಯ ಲೆಕ್ಕ ಹಾಕಿ. ಆಮೇಲೆ ಹಿರಿಯರ ಸಭೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಈ ತಿಂಗಳು ಇದನ್ನು ನೋಡಿಕೊಳ್ಳುವವರು ಯಾರು? ಹನಿಗೂಡಿದರೆ ಹಳ್ಳ ಎನ್ನುತ್ತಾರೆ. ಹನಿ ಇಳಿಯಲು ದಾರಿ ಬಿಡುವ ಕೆಲಸ ಮಾತ್ರ ನಮ್ಮದು.